ಪುಷ್ಯ ಮಳೆ ಮತ್ತು ಅಳತೆಗಾಜು

ನಮ್ಮ ಪ್ರೌಢಶಾಲೆಯ ಧ್ವಜಕಟ್ಟೆಯ ಆಚೆ, ಮರದ ಹನಿ ಬೀಳದ ಬಯಲಿನಲ್ಲಿ, ಒಂದು ಮಳೆಮಾಪಕವಿತ್ತು. 1986ರ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಗೆ ಸೇರಿದ ನನಗೆ ವಿಜ್ಞಾನದ ಮೇಷ್ಟ್ರು ಅದರ ಲೆಕ್ಕ ಬರೆಯುವ ಕೆಲಸವನ್ನು ವಹಿಸಿದರು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದ್ದ ನಮ್ಮೂರಿಗೆ ಮಳೆ ಹೊಸದೇನಾಗಿರಲಿಲ್ಲ. ಆಗುಂಬೆಯಲ್ಲಂತೂ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಆದರೂ ಮಳೆಯನ್ನು ನಾನು ನಿಜವಾಗಿ ನೋಡಲು ಕಲಿತದ್ದು ಆ ಮಾಪಕದ ಮುಂದೆ ಕುಕ್ಕರುಗಾಲಲ್ಲಿ ಕುಳಿತ ಮೂರು ಮಳೆಗಾಲಗಳಲ್ಲಿ.

ಬೆಳಿಗ್ಗೆ 8.30ಕ್ಕೆ ಸರಿಯಾಗಿ ಅಳೆಯಬೇಕಿತ್ತು. ಹಾಗಾಗಿ ಏಳೂವರೆಗೇ ಮನೆ ಬಿಟ್ಟು, ಗೊಬ್ಬರದ ಚೀಲದ ಪ್ಲಾಸ್ಟಿಕ್ಕನ್ನು ಕೊಪ್ಪೆ ಮಾಡಿ ಹೊದ್ದು, ಪುಸ್ತಕದ ಚೀಲವನ್ನು ಅದರೊಳಗೆ ಅವಚಿಕೊಂಡು, ಗದ್ದೆಯಂಚಿನಲ್ಲಿ ನಡೆದು ಅಡಿಕೆ ದಬ್ಬೆಗಳ ಕಾಲುಸಂಕವನ್ನು ದಾಟಿ ಬರುತ್ತಿದ್ದೆ. ಕಾಲಿಗೆ ಹತ್ತಿದ ಉಂಬಳಗಳನ್ನು ಶಾಲೆಯ ಜಗಲಿಯಲ್ಲಿ ಸುಣ್ಣ ಮುಟ್ಟಿಸಿ ಬಿಡಿಸಿದ ಮೇಲೆಯೇ ಮುಂದಿನ ಕೆಲಸ.

ಪುಷ್ಯ ಮಳೆಯ ಒಂದು ಬೆಳಿಗ್ಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೇಲಿನ ಆಲಿಕೆಯನ್ನು ತೆಗೆದು ನೋಡಿದರೆ ಒಳಗಿನ ಬಾಟಲಿ ತುಂಬಿ, ಉಕ್ಕಿದ ನೀರು ಹೊರಗಿನ ಡಬ್ಬಿಯಲ್ಲೂ ನಿಂತಿತ್ತು. ಅಳತೆಗಾಜು ಹಿಡಿಯುತ್ತಿದ್ದುದು 20 ಮಿಲಿಮೀಟರ್ ಮಾತ್ರ. ಗಾಜಿನೊಳಗೆ ಹೊಸ ಹನಿ ಬೀಳದಂತೆ ಗೆಳತಿ ಕೊಡೆ ಹಿಡಿದಳು. ನಾನು ಒಮ್ಮೆ ತುಂಬಿ, ಎಣಿಸಿ, ಚೆಲ್ಲಿ, ಮತ್ತೆ ತುಂಬಿದೆ. "ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿ, ಅಂಚನ್ನು ನೋಡಬೇಡ, ನಡುವೆ ತಗ್ಗಾಗಿರುತ್ತಲ್ಲ, ಅಲ್ಲಿ ಓದು" ಎಂದು ಮೇಷ್ಟ್ರು ಜಗಲಿಯಿಂದಲೇ ಕೂಗಿ ಹೇಳಿದರು. ಆರು ಗಾಜು ಪೂರ್ತಿ, ಏಳನೆಯದರಲ್ಲಿ ಹನ್ನೆರಡು: ಒಟ್ಟು 132. ಇಡೀ ರಾತ್ರಿ ಹಂಚಿನ ಮೇಲೆ ಕೇಳಿದ್ದ ಆ ಸದ್ದು ಅಷ್ಟು ತಿಳಿಯಾಗಿ, ಅಷ್ಟು ತಣ್ಣಗೆ ನನ್ನ ಕೈಯಲ್ಲಿತ್ತು.

ಅಂಥ ದಿನಗಳಲ್ಲಿ ತರಗತಿಯಲ್ಲಿ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಮೇಷ್ಟ್ರು ಪಾಠವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದರು, ನಾವು ಒದ್ದೆ ಲಂಗದ ಅಂಚು ಹಿಂಡಿಕೊಂಡು ಬರೆದುಕೊಳ್ಳುತ್ತಿದ್ದೆವು. ಊಟದ ಬಿಡುವಿನಲ್ಲಿ ಶಾಲೆಯ ಜವಾನರು ಚಹಾದ ಒಲೆಯ ಬೂದಿಯೊಳಗಿನಿಂದ ಸುಟ್ಟ ಹಲಸಿನ ಬೀಜಗಳನ್ನು ಕೆದಕಿ ತೆಗೆದು ನಮ್ಮ ಅಂಗೈಗೆ ಹಾಕುತ್ತಿದ್ದರು. ಬಿಸಿ ತಾಳದೆ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ, ಸಿಪ್ಪೆ ಸುಲಿದು ತಿಂದ ಆ ಬೀಜಗಳ ರುಚಿಗೆ ಸಮನಾದದ್ದನ್ನು ನಾನು ಆಮೇಲೆ ಎಲ್ಲಿಯೂ ತಿಂದಿಲ್ಲ.

ಸಂಜೆ ಬಚ್ಚಲೊಲೆಯ ಮುಂದೆ ಸಮವಸ್ತ್ರ ಒಣಗಿಸುವಾಗ ಅಜ್ಜಿ ತಪ್ಪದೆ ಕೇಳುತ್ತಿದ್ದರು, "ಇವತ್ತು ನಿಮ್ಮ ಶಾಲೆಯಲ್ಲಿ ಎಷ್ಟು ಬಂತೇ ಮಳೆ?" ಅವರ ಲೆಕ್ಕ ನಕ್ಷತ್ರಗಳದ್ದು. ಮೃಗಶಿರಾ ಸಸಿಮಡಿಗೆ, ಆರಿದ್ರೆ ಹೂಟಿಗೆ, ಪುನರ್ವಸು ನಟ್ಟಿಗೆ. ಪುಷ್ಯ ಬರುವುದರೊಳಗೆ ಕೊಳೆರೋಗ ತಗಲದಂತೆ ಅಡಿಕೆಗೆ ಮೈಲುತುತ್ತ ಮತ್ತು ಸುಣ್ಣದ ಔಷಧಿ ಹೊಡೆದು ಮುಗಿದಿರಬೇಕು. ಅಜ್ಜಿಯ ಮಾತು ಕೇಳಿ ನಾನು ಪುಸ್ತಕದಲ್ಲಿ ಮಿಲಿಮೀಟರಿನ ಪಕ್ಕದಲ್ಲಿಯೇ ನಕ್ಷತ್ರದ ಹೆಸರನ್ನೂ ಬರೆಯತೊಡಗಿದೆ. ಮೇಷ್ಟ್ರು ಅದನ್ನು ಹೊಡೆದುಹಾಕಲಿಲ್ಲ. ಸ್ಕೇಲು ಇಟ್ಟು ಅದಕ್ಕೊಂದು ಹೊಸ ಕಲಂ ಎಳೆದುಕೊಟ್ಟರು.

ಹತ್ತನೆಯ ತರಗತಿಯ ಜುಲೈನಲ್ಲಿ ಹಳ್ಳ ಉಕ್ಕಿ ನಮ್ಮ ಕಾಲುಸಂಕ ಕೊಚ್ಚಿಹೋಯಿತು. ತೀರ್ಥಹಳ್ಳಿಯಲ್ಲಿ ತುಂಗೆಯ ನಡುವಿನ ರಾಮಮಂಟಪ ಮುಳುಗಿದೆ ಎಂಬ ಸುದ್ದಿಯೂ ಬಂತು. ಮೂರು ದಿನ ಶಾಲೆಗೆ ರಜೆ. ಮನೆಯಲ್ಲಿ ಹಪ್ಪಳ ಸುಡುತ್ತಿದ್ದರು, ಕಳಲೆಯ ಪಲ್ಯವಿತ್ತು, ತಮ್ಮಂದಿರು ಗದ್ದೆಗೆ ಹತ್ತಿದ ಮೀನು ಹಿಡಿಯಲು ಓಡಿದ್ದರು. ನನಗೆ ಮಾತ್ರ ಪ್ರತಿ ಬೆಳಿಗ್ಗೆ 8.30 ಆಗುತ್ತಲೇ ಪುಸ್ತಕದ ಖಾಲಿ ಸಾಲುಗಳದ್ದೇ ಚಿಂತೆ. ನಾಲ್ಕನೆಯ ದಿನ ಸುತ್ತುದಾರಿ ಹಿಡಿದು ಶಾಲೆಗೆ ಹೋಗಿ ಪುಸ್ತಕ ತೆರೆದೆ. ಮೂರು ದಿನದ ಅಂಕಿಗಳೂ ಅಲ್ಲಿದ್ದವು. ಪಕ್ಕದ ಕಲಮಿನಲ್ಲಿ "ಪುಷ್ಯ" ಎಂದೂ ಇತ್ತು. ಶಾಯಿಯಲ್ಲಿ ಬರೆಯುವುದನ್ನು ನನಗೇ ಬಿಟ್ಟು, ಮೇಷ್ಟ್ರು ಎಲ್ಲವನ್ನೂ ಪೆನ್ಸಿಲಿನಲ್ಲಿ ತೆಳುವಾಗಿ ಬರೆದಿಟ್ಟಿದ್ದರು.