ಪೈಪಿಗೆ ಅರ್ಥಿಂಗ್ ಕೊಟ್ಟಿದ್ದೀರಾ?

ಇಲ್ಲ, ಕೊಟ್ಟಿಲ್ಲ. ಪಿವಿಸಿ ಪೈಪಿಗೆ ಅರ್ಥಿಂಗ್ ಕೊಡಲು ಬರುವುದೂ ಇಲ್ಲ. ನನ್ನ ಮರಗೆಲಸದ ಕೋಣೆಗೆ ಬಂದವರೆಲ್ಲ ಹುಡಿ ಎಳೆಯುವ ಯಂತ್ರದ ನಾಲ್ಕಿಂಚಿನ ಪೈಪನ್ನು ನೋಡಿ ಇದನ್ನೇ ಕೇಳುತ್ತಾರೆ. ಕೇಳಿ, ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಹುಡಿ ಪೈಪಿನ ಒಳಮೈಯನ್ನು ಉಜ್ಜಿಕೊಂಡು ಹೋಗುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಒಪ್ಪಿದೆ. ಫೆಬ್ರುವರಿಯ ಒಣ ಹವೆಯಲ್ಲಿ ಪೈಪಿನ ಬಳಿ ಕೈ ತಂದರೆ ರೋಮ ನೆಟ್ಟಗೆ ನಿಲ್ಲುತ್ತದೆ, ಕೆಲವೊಮ್ಮೆ ಬೆರಳಿಗೆ ಚುರ್ ಎನ್ನುತ್ತದೆ. ಮಳೆಗಾಲದಲ್ಲಿ ಅದರ ಸುಳಿವಿಲ್ಲ. ಆದರೆ ಪಿವಿಸಿ ಅವಾಹಕ; ವಿದ್ಯುತ್ ಹುಟ್ಟಿದಲ್ಲೇ ಅಂಟಿ ಕೂರುತ್ತದೆ, ಹರಿದು ಬರುವುದಿಲ್ಲ. ಹೊರಗೆ ತಾಮ್ರದ ತಂತಿ ಸುತ್ತಿದರೆ ತಂತಿ ತಾಗಿದ ಕಡೆ ಮಾತ್ರ ಸ್ವಲ್ಪ ಇಳಿಯುತ್ತದೆ. ಅರ್ಥಿಂಗ್ ಬೇಕಿರುವುದು ಯಂತ್ರದ ಲೋಹದ ಮೈಗೆ, ಹೋಸ್‌ಪೈಪಿನ ಸುರುಳಿ ತಂತಿಗೆ. ಎರಡಕ್ಕೂ ಕೊಟ್ಟಿದ್ದೇನೆ.

ಇನ್ನು ಅವರು ಹೆದರುವ ಸ್ಫೋಟ, ಅಂದರೆ ಸ್ಥಿರ ವಿದ್ಯುತ್ತಿನ ಕಿಡಿಗೆ ಹುಡಿ ಹೊತ್ತಿ ಸಿಡಿಯುವುದು. ಅದಕ್ಕೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 40 ಗ್ರಾಂ ನುಣ್ಣನೆಯ ಹುಡಿ ತೇಲುತ್ತಿರಬೇಕು. ನನ್ನ ಯಂತ್ರ ನಿಮಿಷಕ್ಕೆ 15 ಘನ ಮೀಟರ್ ಗಾಳಿ ಎಳೆಯುತ್ತದೆ. ಅಂದರೆ ಪ್ರತಿ ನಿಮಿಷ 600 ಗ್ರಾಂ ಹುಡಿ ಬೀಳಬೇಕು. ಇಡೀ ಬೆಳಗ್ಗೆ ಉಪ್ಪುಕಾಗದ ಉಜ್ಜಿದರೂ ನನ್ನಲ್ಲಿ ಅಷ್ಟು ಬರುವುದಿಲ್ಲ. ನನಗೆ ಭಯವಿರುವುದು ಮೊಳೆಯದು. ಹಳೆಯ ಬಾಗಿಲಿನ ತೇಗದಲ್ಲಿ ಉಳಿದ ಮೊಳೆ ಗರಗಸಕ್ಕೆ ಸಿಕ್ಕಿ, ಕಿಡಿ ಯಂತ್ರದ ಹುಡಿ ತುಂಬುವ ಚೀಲ ಸೇರಿ, ರಾತ್ರಿಯೆಲ್ಲ ಹೊಟ್ಟಿನೊಳಗೆ ಕೆಂಡವಾಗಿ ಕೂತರೆ? ಅದಕ್ಕೇ ಪ್ರತಿ ಸಂಜೆ ಚೀಲವನ್ನು ಅಂಗಳಕ್ಕೆ ಒಯ್ದು ಖಾಲಿ ಮಾಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಭಾವ ಬಂದಿದ್ದರು. ನಾನು ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಉಜ್ಜುತ್ತಿದ್ದೆ. "ತಂತಿ ಸುತ್ತಿಸು ಮಾರಾಯ, ಮನೆಯಲ್ಲಿ ಮಕ್ಕಳಿದ್ದಾರೆ" ಎಂದು ಹತ್ತು ನಿಮಿಷ ಬುದ್ಧಿ ಹೇಳಿದರು. ನಡುವೆ ಎರಡು ಸಲ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಗಾಜಿನ ಮೇಲೆ ಅಕ್ಕಿಹಿಟ್ಟಿನಂತೆ ಕೂತಿದ್ದ ಅದೇ ಹುಡಿ ಅವರ ಎದೆಗೂ ಇಳಿಯುತ್ತಿತ್ತು. ಅದರ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚೀಲ ಎಷ್ಟು ಮೈಕ್ರಾನಿನದು, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಎಷ್ಟು ನುಣ್ಣನೆಯ ಹುಡಿಯನ್ನು ಹಿಡಿಯುತ್ತದೆ ಎಂದು ಒಬ್ಬರಾದರೂ ಕೇಳಬಾರದೇ? ಮರದ ಹುಡಿ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ನನ್ನ ಮೊದಲ ಚೀಲ 30 ಮೈಕ್ರಾನಿನದು. ಹೊಟ್ಟನ್ನು ಹಿಡಿದಿಟ್ಟು, ಕಣ್ಣಿಗೆ ಕಾಣದ್ದನ್ನೆಲ್ಲ ಕೋಣೆಗೇ ಊದುತ್ತಿತ್ತು. ಆ ಗಾಳಿಯನ್ನು ನಾನು ಎರಡು ವರ್ಷ ಕುಡಿದಿದ್ದೇನೆ. ಈಗಿನದು ಒಂದು ಮೈಕ್ರಾನಿನದು. ಬಾಗಿಲ ಬಳಿಯ ಮೊಳೆಗೆ ಎರಡು ಮುಖಗವಸು ತೂಗುಹಾಕಿದ್ದೇನೆ, ಒಂದು ಭಾವನಿಗೆ.