ಬೆಂಚಿನ ಆ ಕಡೆ

ನಮ್ಮ ಅಯ್ಯನವರು ಊರು ಬಿಟ್ಟಿದ್ದು ಜೂನ್ ತಿಂಗಳ ಒಂದು ರಾತ್ರಿ. ಬೆಳಿಗ್ಗೆ ಹಾಲು ಕೊಡಲು ಹೋದ ಹುಡುಗ ಬಂದು ಹೇಳಿದ, ಪಾದ್ರಿ ಮನೆಗೆ ಬೀಗ ಅಂತ.

ಅಯ್ಯನವರು ಹೋಗುವುದು ನಮಗೆ ಹೊಸದಲ್ಲ. ನಮ್ಮದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಸಭೆ. ಹಾಗಂದಮೇಲೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಇದ್ದದ್ದೇ. ಹಾರ ಹಾಕಿ, ಬಿರಿಯಾನಿ ಮಾಡಿ, ಒಂದಿಷ್ಟು ಅತ್ತು ಕಳಿಸುತ್ತೇವೆ. ಈ ಸಲ ಅದೇನೂ ಇಲ್ಲ. ಕಾಂಪೌಂಡ್ ಗೋಡೆಯ ದುಡ್ಡಿನಿಂದ ಶುರುವಾದ ಜಗಳ. "ಲೆಕ್ಕ ಕೇಳಿದ್ದೇ ತಪ್ಪಾ?" ಅಂತ ಆ ಕಡೆಯವರು. "ಒಳ್ಳೆಯವರನ್ನ ಓಡಿಸಿಬಿಟ್ರಿ" ಅಂತ ನಾವು. ಹೌದು, ನಾನೂ ಒಂದು ಕಡೆಯವಳೇ. ಸುಳ್ಳು ಯಾಕೆ?

ಅವರು ಕಿಟಕಿ ಕಡೆಯ ಬೆಂಚುಗಳಲ್ಲಿ, ನಾವು ಬಾಗಿಲ ಕಡೆ. 1947ರಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಇನ್ನೂ ಯಾವ ಯಾವುದೋ ಪಂಗಡದವರು ಸೇರಿ ಸಿಎಸ್‌ಐ ಅಂತ ಒಂದೇ ಸಭೆ ಆದರು. ನಮಗೆ ನಡುವಿನ ಮೂರಡಿ ದಾಟಲಾಗಲಿಲ್ಲ. ಆರಾಧನೆಯನ್ನು ಹಿರಿಯರು ನಡೆಸಿದರು. ಆದರೆ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ ಕೊಡಲು ಅಭಿಷೇಕವಾದ ಅಯ್ಯನವರೇ ಬೇಕು. ನಾಲ್ಕು ತಿಂಗಳು ಬಟ್ಟಲು ಬೀರುವಿನಲ್ಲೇ ಇತ್ತು.

ಅಕ್ಟೋಬರ್‌ನಲ್ಲಿ ತುಮಕೂರಿನಿಂದ ವಯಸ್ಸಾದ ಅಯ್ಯನವರೊಬ್ಬರು ಬಸ್ಸಿನಲ್ಲಿ ಬಂದರು. ನಮ್ಮ ಜಗಳದ ಬಗ್ಗೆ ಬುದ್ಧಿ ಹೇಳುತ್ತಾರೆ ಅಂತ ಕಾದೆವು. ಹೇಳಲಿಲ್ಲ. ಹತ್ತು ನಿಮಿಷದಲ್ಲಿ ಪ್ರಸಂಗ ಮುಗಿಸಿ ಸಮಾಧಾನ ಕೊಡಲು ಇಳಿದು ಬಂದರು.

ನಮ್ಮಲ್ಲಿ ಭೋಜನಕ್ಕೆ ಮೊದಲು ಸಮಾಧಾನ ಕೈಯಿಂದ ಕೈಗೆ ಬರುತ್ತದೆ. ಕೇರಳದ ಹಳೆಯ ಸಿರಿಯನ್ ಸಭೆಗಳಿಂದ ಬಂದ ಪದ್ಧತಿ ಇದು. ಅಯ್ಯನವರು ಮುಂದಿನವರ ಕೈಯನ್ನು ಎರಡು ಅಂಗೈ ನಡುವೆ ಹಿಡಿಯುತ್ತಾರೆ. ಅವರು ಪಕ್ಕದವರಿಗೆ, ಪಕ್ಕದವರು ಇನ್ನೊಬ್ಬರಿಗೆ. ಅಜ್ಜಿ ಇದನ್ನು ಸುಮ್ನೆ "ಕೈ ಕೊಡೋದು" ಅನ್ನುತ್ತಿದ್ದರು. ಆವತ್ತು ಅಯ್ಯನವರು ನಮ್ಮ ಕಡೆಯ ಮೊದಲ ಬೆಂಚಿಗೆ ಮಾತ್ರ ಕೊಟ್ಟು ವಾಪಸ್ ಹೋಗಿ ನಿಂತರು. ಮರೆತರೋ, ಬೇಕಂತಲೇ ಮಾಡಿದರೋ, ಕೇಳಲು ಧೈರ್ಯ ಸಾಲಲಿಲ್ಲ.

ನಾನು ಬೆಂಚಿನ ತುದಿಯಲ್ಲಿದ್ದೆ. ನನ್ನ ಕೈಗೆ ಬಂತು. ಹಿಂದಿನವರಿಗೆ ದಾಟಿಸೋಣ ಅಂತ ತಿರುಗಿದರೆ ಅವರಿಗೆ ಆಗಲೇ ಸಿಕ್ಕಿತ್ತು. ಆ ಕಡೆ ತುದಿಯಲ್ಲಿ ನಮ್ಮ ದೊಡ್ಡಮ್ಮ. ಜೂನ್‌ನಿಂದ ಮಾತಿಲ್ಲ, ಅವರ ಬೀದಿಗೂ ನಾನು ಹೋಗಿರಲಿಲ್ಲ. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು, ಅಥವಾ ನನಗೆ ಹಾಗನ್ನಿಸಿತು. ಭಕ್ತಿಯಿಂದ ಎದ್ದೆ ಅಂದರೆ ಸುಳ್ಳಾದೀತು, ನಾಚಿಕೆಗೆ ಎದ್ದೆ. ಅಡಿಕೆ ಸುಲಿದು ಕರೆಗಟ್ಟಿದ ಒರಟು ಬೆರಳು. ದೊಡ್ಡಮ್ಮ ನನ್ನ ಮುಖ ನೋಡಲಿಲ್ಲ. ಆದರೆ ಕೈ ಎಳೆದುಕೊಳ್ಳಲೂ ಇಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತೇ ಹಿಡಿದಿದ್ದರು. ಆಮೇಲೆ ಪಕ್ಕಕ್ಕೆ ತಿರುಗಿದರು.

ಹೊರಗೆ ಟೀ ಕುಡಿಯುವಾಗ ಅವರೇ ಹತ್ತಿರ ಬಂದರು.

"ಗೋಡೆ ಲೆಕ್ಕ ಮಾತ್ರ ನಾನು ಬಿಡಲ್ಲ ಕಣೆ."

"ಬಿಡಬೇಡಿ ದೊಡ್ಡಮ್ಮ."

"ನಾಳೆ ಬಾ. ಅಡಿಕೆ ಸುಲಿಯೋಕೆ ಆಳು ಸಿಕ್ತಿಲ್ಲ."

ಸೋಮವಾರ ಹೋದೆ. ಸಂಜೆವರೆಗೂ ಸುಲಿದೆವು. ಅಯ್ಯನವರ ಹೆಸರನ್ನು ಇಬ್ಬರೂ ಎತ್ತಲಿಲ್ಲ.