ಬಾಡಿಗೆ ಫ್ರಾಂಕ್ಸ್‌ನಲ್ಲಿ ಹುಬ್ಬಳ್ಳಿಗೆ: ಗಾಡಿಯ ಗುಣ ಯಾವುದು, ಬಾಡಿಗೆಯ ಗುಣ ಯಾವುದು

ಶನಿವಾರ, 12 ಜುಲೈ 2025
ಹುಬ್ಬಳ್ಳಿ, ರಾತ್ರಿ

ಬೆಂಗಳೂರಿನಿಂದ ಇಲ್ಲಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹತ್ತಿರಹತ್ತಿರ 410 ಕಿ.ಮೀ. ಗಾಡಿ ಮಾರುತಿ ಫ್ರಾಂಕ್ಸ್, 1.2 ಲೀಟರ್ ಪೆಟ್ರೋಲ್, ಎಎಂಟಿ ಗೇರ್ (ಕ್ಲಚ್ ಪೆಡಲ್ ಇಲ್ಲದ ಆಟೊ ಗೇರ್). ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ, ಅಂದರೆ ಡ್ರೈವರ್ ಇಲ್ಲದೆ ನಾವೇ ಓಡಿಸಿಕೊಂಡು ಹೋಗುವ ಬಾಡಿಗೆ ಕಾರು. ಇಂಥ ಗಾಡಿ ಬಗ್ಗೆ ಅಭಿಪ್ರಾಯ ಹೇಳುವ ಮುಂಚೆ ಎರಡನ್ನು ಬೇರೆ ಮಾಡಿಕೊಳ್ಳಬೇಕು: ಕಾರ್ಖಾನೆಯಿಂದಲೇ ಬಂದ ಸ್ವಭಾವ ಯಾವುದು, ನೂರಾರು ಕೈಗಳಲ್ಲಿ ಓಡಿ ಬಂದ ಸವೆತ ಯಾವುದು. ಇವತ್ತು ದಾರಿಯಲ್ಲಿ ಕಿರಿಕಿರಿ ಮಾಡಿದ್ದರಲ್ಲಿ ಮುಕ್ಕಾಲು ಪಾಲು ಟೈರಿನದ್ದು. ಅದನ್ನು ಗಾಡಿಯ ತಲೆಗೆ ಕಟ್ಟುವುದು ತಪ್ಪು.

ಮೊದಲು ಹವಾ. ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಿದರೆ ಮುಂದಿನ ಎಡಗಡೆ 29 ಪಿಎಸ್ಐ, ಬಲಗಡೆ 36. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲಿನ ಸ್ಟಿಕ್ಕರಿನಲ್ಲೇ ಇರುತ್ತದೆ, ಬಂಕಿನ ಹುಡುಗನ ಅಂದಾಜು ಬೇಡ. ನೂರು ಕಿ.ಮೀ. ಓಡಿದ ಮೇಲೆ ಅಳೆದರೆ ಬಿಸಿಗೆ 3ರಿಂದ 5 ಪಿಎಸ್ಐ ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡಬಾರದು, ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಎಡಗಡೆ ಹವಾ ಕಡಿಮೆ ಇದ್ದರೆ ಗಾಡಿ ಎಡಕ್ಕೇ ಎಳೆಯುತ್ತದೆ. ಮಳೆನೀರು ಹರಿದುಹೋಗಲೆಂದು ರಸ್ತೆಯೂ ಎಡಕ್ಕೆ ತುಸು ಇಳಿಜಾರಾಗಿರುವುದರಿಂದ ಸ್ವಲ್ಪ ಎಳೆತ ಎಲ್ಲ ಗಾಡಿಯಲ್ಲೂ ಸಹಜ. ಹವಾ ಸಮ ಮಾಡಿದ ಮೇಲೂ ಎಳೆತ ಜೋರಾಗಿದ್ದರೆ ಮುಂದಿನ ಎರಡು ಚಕ್ರ ಅದಲುಬದಲು ಮಾಡಿ ನೋಡಬೇಕು. ಎಳೆತ ದಿಕ್ಕು ಬದಲಿಸಿದರೆ ಟೈರಿನ ದೋಷ, ಇಲ್ಲದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ನೋಡಿಸಬೇಕು. ಇವತ್ತಿನ ಗಾಡಿ ಹವಾ ಸರಿಮಾಡಿದ ಕೂಡಲೇ ನೇರವಾಯಿತು.

ಸರಿಯಾಗದೆ ಉಳಿದದ್ದು ಸ್ಟೀರಿಂಗ್ ನಡುಕ. 85ರವರೆಗೆ ಏನೂ ಇಲ್ಲ, 95 ದಾಟಿದರೆ ಅಂಗೈಯಲ್ಲಿ ಝುಂ ಅನ್ನುತ್ತದೆ. 195/60 ಆರ್16 ಟೈರಿನ ಸುತ್ತಳತೆ ಸುಮಾರು 2 ಮೀಟರ್, ನೂರರ ವೇಗದಲ್ಲಿ ಸೆಕೆಂಡಿಗೆ ಹದಿನಾಲ್ಕು ಸುತ್ತು. ರಿಮ್ಮಿನ ಒಂದು ಬದಿಯಲ್ಲಿ ಇಪ್ಪತ್ತು ಮೂವತ್ತು ಗ್ರಾಂ ವ್ಯತ್ಯಾಸ ಇದ್ದರೂ ಆ ವೇಗದಲ್ಲಿ ಕೈಗೆ ಗೊತ್ತಾಗುತ್ತದೆ. ಹಿರಿಯೂರಿನ ಹತ್ತಿರ ನಿಲ್ಲಿಸಿ ಬಲಗಡೆ ಮುಂದಿನ ಅಲಾಯ್ ಚಕ್ರದ ಒಳಮೈಗೆ ಟಾರ್ಚ್ ಹಿಡಿದಾಗ ಕಾರಣ ಸಿಕ್ಕಿತು. ಸುತ್ತಲೂ ಬ್ರೇಕಿನ ಕಪ್ಪು ಧೂಳು, ನಡುವೆ ಎರಡು ಬೆರಳಗಲ ಮಾತ್ರ ಬೆಳ್ಳಗಿನ ಚೌಕ, ಅಂಚಿನಲ್ಲಿ ಒಣಗಿದ ಅಂಟು. ಬ್ಯಾಲೆನ್ಸಿಂಗ್‌ಗೆ, ಅಂದರೆ ಚಕ್ರದ ತೂಕ ಸುತ್ತಲೂ ಸಮ ಮಾಡಲು ಅಂಟಿಸಿದ್ದ ತೂಕದ ಪಟ್ಟಿ ಕಳಚಿಬಿದ್ದ ಜಾಗ ಅದು.

ನಡುಕ ಎಲ್ಲಿ ಬರುತ್ತದೆ ಅನ್ನುವುದರ ಮೇಲೆ ರೋಗ ಹಿಡಿಯಬಹುದು. ಸ್ಟೀರಿಂಗ್‌ನಲ್ಲಿ ಬಂದರೆ ಮುಂದಿನ ಚಕ್ರ, ಸೀಟಿನ ಕೆಳಗಿಂದ ಬಂದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್. ನಡುಕವಿಲ್ಲದೆ ಬರೀ ಗುಂಯ್ ಅನ್ನುವ ಸದ್ದು ವೇಗದ ಜೊತೆ ಏರುತ್ತಾ, ತಿರುವಿನಲ್ಲಿ ಒಂದು ಬದಿಗೆ ವಾಲಿದಾಗ ಬದಲಾದರೆ ವೀಲ್ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಅಂಥ ಗಾಡಿಯನ್ನು ದೂರದ ದಾರಿಗೆ ತೆಗೆದುಕೊಳ್ಳಲೇಬಾರದು, ಅಲ್ಲೇ ಬದಲಿ ಕೇಳಬೇಕು.

ಇನ್ನು ಗಾಡಿಯದ್ದೇ ಸ್ವಭಾವ. ಉದ್ದ 3,995 ಮಿ.ಮೀ., ನೆಲದಿಂದ ಎತ್ತರ 190 ಮಿ.ಮೀ., ತೂಕ ಒಂದು ಟನ್ನಿನ ಆಸುಪಾಸು. ಹಗುರ ಗಾಡಿ. ಆಷಾಢದ ಗಾಳಿಯಲ್ಲಿ ಹಿರಿಯೂರು ದಾಟಿ ಚಿತ್ರದುರ್ಗದ ಗಾಳಿಯಂತ್ರಗಳು ಕಾಣುವ ಕಡೆ ಬಂದಾಗ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ರಸ್ತೆ ವಾಯವ್ಯಕ್ಕೆ ಹೋಗುತ್ತದೆ, ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ. ಹಾಗಾಗಿ ಹೊಡೆತವೆಲ್ಲ ಎಡ ಮಗ್ಗುಲಿಗೆ. ಗಾಳಿಗೆ ಎದುರಾಗಿ ಸ್ಟೀರಿಂಗ್ ತುಸು ಎಡಕ್ಕೆ ಹಿಡಿದೇ ಓಡಿಸುತ್ತಿರುತ್ತೇವೆ. ಲಾರಿಯನ್ನು ಬಲದಿಂದ ದಾಟುವಾಗ ಲಾರಿಯ ಮರೆಗೆ ಬಂದೊಡನೆ ಗಾಳಿ ನಿಂತುಬಿಡುತ್ತದೆ. ಕೈ ಹಾಗೇ ಇದ್ದರೆ ಗಾಡಿ ಲಾರಿ ಕಡೆಗೇ ಸರಿಯುತ್ತದೆ. ಲಾರಿಯ ಮುಖ ದಾಟಿದ ಕ್ಷಣ ಗಾಳಿ ಮತ್ತೆ ಒಮ್ಮೆಲೇ ಹೊಡೆದು ಡಿವೈಡರ್ ಕಡೆಗೆ ತಳ್ಳುತ್ತದೆ. ಇಲ್ಲಿ ಗಾಬರಿಯಿಂದ ಸ್ಟೀರಿಂಗ್ ಎಳೆಯುವುದೇ ಅಪಾಯ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ, ಲಾರಿ ಮರೆಗೆ ಹೋಗುವಾಗ ಹಿಡಿತ ಸಡಿಲಿಸಿ ನೇರ ಮಾಡಿ, ಹೊರಗೆ ಬರುವ ಮುಂಚೆ ಎಡಕ್ಕೆ ತುಸು ಸಿದ್ಧವಾಗಿರಿ. ವೇಗ 80ಕ್ಕೆ ಇಳಿಸಿದರೆ ಅರ್ಧ ತಾಪತ್ರಯ ಮಾಯ. ಸ್ಟೀರಿಂಗ್ ಊರೊಳಗೆ ಬೆರಳಲ್ಲಿ ತಿರುಗುವಷ್ಟು ಹಗುರ, ಅದೇ ಹಗುರತನದಿಂದ ಹೆದ್ದಾರಿಯಲ್ಲಿ ನಡುಮಧ್ಯದಲ್ಲಿ ಬಿಗಿ ಸಾಲದು. ನಾಲ್ಕು ಗಂಟೆ ಸಣ್ಣಸಣ್ಣದಾಗಿ ತಿದ್ದುತ್ತಲೇ ಇದ್ದರೆ ಭುಜ ಹಿಡಿಯುತ್ತದೆ.

ಎಂಜಿನ್ ಶಕ್ತಿ 90 ಪಿಎಸ್, ಟಾರ್ಕ್ ಅಂದರೆ ತಿರುಗಿಸುವ ಬಲ 113 ಎನ್ಎಂ, ಅದೂ ಪೂರ್ತಿ ಸಿಗುವುದು 4,400 ಆರ್‌ಪಿಎಂನಲ್ಲಿ. ಐದನೇ ಗೇರಿನಲ್ಲಿ ಆರಾಮಾಗಿ ಹೋಗುವಾಗ ಆಕ್ಸಿಲರೇಟರ್ ಒತ್ತಿದರೆ ತಕ್ಷಣ ಸಿಗುವ ಜೀವ ಕಡಿಮೆ. ಎಎಂಟಿ ಅಂದರೆ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಮಾತ್ರ ಯಂತ್ರದ್ದು. ಗೇರ್ ಬದಲಾಗುವಷ್ಟು ಹೊತ್ತು ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಓವರ್‌ಟೇಕ್ ನಡುವೆ ಆ ಬಿಡುವು ಬಂದರೆ ಎದೆ ಝಲ್ ಅನ್ನುತ್ತದೆ. ಪರಿಹಾರ ಸುಲಭ: ನಮ್ಮ ಲೇನ್‌ನಲ್ಲಿ ಇರುವಾಗಲೇ ಲಿವರನ್ನು ಎಂಗೆ (ಮ್ಯಾನುಯಲ್) ತಂದು ಒಂದು ಗೇರ್ ಇಳಿಸಿ, ಎಂಜಿನ್ ಸದ್ದು ಏರಿದ ಮೇಲೆ ಹೊರಗೆ ಬನ್ನಿ, ದಾಟಿದ ಮೇಲೆ ಡಿಗೆ (ಆಟೊ) ಹಾಕಿ. ವೇಗ 60ರ ಹತ್ತಿರ ಇಳಿದಿದ್ದರೆ ಮೂರನೆಯದೇ ಬೇಕು. ಗುಯಿಲಾಳು, ಬಂಕಾಪುರದಂಥ ಟೋಲ್ ಸಾಲುಗಳಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿಕೊಂಡಿರಬೇಡಿ, ಕ್ಲಚ್ ಪ್ಲೇಟ್ ಸುಡುತ್ತದೆ. ಬ್ರೇಕ್ ಹಿಡಿದೇ ನಿಲ್ಲಬೇಕು. ಐದು ಜನ, ತುಂಬಿದ ಡಿಕ್ಕಿ ಅಂತಾದರೆ 1.0 ಟರ್ಬೊ ಕೇಳುವುದು ವಾಸಿ. ಅದರ 147.6 ಎನ್ಎಂ 2,000 ಆರ್‌ಪಿಎಂನಿಂದಲೇ ಸಿಗುತ್ತದೆ, ಆಟೊಮ್ಯಾಟಿಕ್ ಕೂಡ ಎಎಂಟಿಯಂಥ ಬಿಡುವು ಕಾಣದ ಟಾರ್ಕ್ ಕನ್ವರ್ಟರ್.

80 ದಾಟಿದಾಗ ಬರುವ ಬೀಪ್ ರಿಪೇರಿಯ ವಿಷಯವಲ್ಲ. 2019ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ, 120 ದಾಟಿದರೆ ನಿಲ್ಲದೆ ಹೊಡೆದುಕೊಳ್ಳುತ್ತದೆ. ಆದರೆ ಕೆಲವು ಬಾಡಿಗೆ ಗಾಡಿಗಳಿಗೆ ಸ್ಪೀಡ್ ಗವರ್ನರ್ (ಒಂದು ವೇಗಕ್ಕಿಂತ ಮೇಲೆ ಹೋಗದಂತೆ ತಡೆಯುವ ಸಾಧನ) ಕೂರಿಸಿರುತ್ತಾರೆ. ಅದನ್ನು ಕೀ ಕೈಗೆ ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಬೇಕು, ಅರ್ಧ ಓವರ್‌ಟೇಕ್‌ನಲ್ಲಿ ತಿಳಿಯುವ ವಿಷಯ ಅದಲ್ಲ.

ಮೈಲೇಜ್: ಟ್ಯಾಂಕ್ 37 ಲೀಟರ್. ಫುಲ್ ಮಾಡಿ ಹೊರಟು ಇಲ್ಲಿ ಮತ್ತೆ ಫುಲ್ ಮಾಡಿದಾಗ 23.4 ಲೀಟರ್ ಹಿಡಿಯಿತು, ಲೀಟರಿಗೆ 17.5 ಕಿ.ಮೀ. ಮೀಟರ್ ಪರದೆ ತೋರಿಸಿದ್ದು 18.9. ಪರದೆಯನ್ನು ನಂಬದೆ ನಳಿಕೆ ಮೊದಲ ಸಲ ಟಕ್ ಅಂದಾಗ ನಿಲ್ಲಿಸಿ ಲೆಕ್ಕ ಹಾಕುವುದೇ ಸರಿ. ಕಾಗದದ ಮೇಲಿನ ಅಂಕಿ 22.89, ಅದು ಪ್ರಯೋಗಶಾಲೆಯದ್ದು. ಎಸಿ ಹಾಕಿ 90ರಿಂದ 100ರಲ್ಲಿ ಎದುರು ಗಾಳಿಗೆ ಓಡಿಸಿದರೆ ಇಷ್ಟು ಬಂದದ್ದು ಒಳ್ಳೆಯದೇ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟು ಮೀರುತ್ತದೆ. ಇ20 ಪೆಟ್ರೋಲಿನ ಪಾಲೂ ಇದೆ: ಎಥನಾಲ್‌ನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ, ಶೇ. 20 ಬೆರೆಸಿದಾಗ ಶೇ. 6-7ರಷ್ಟು ಶಕ್ತಿ ಅಲ್ಲೇ ಹೋಗುತ್ತದೆ. ಲೀಟರಿಗೆ 103 ರೂಪಾಯಿ ಲೆಕ್ಕದಲ್ಲಿ ಖರ್ಚು 2,410.

ಡಿಕ್ಕಿ 308 ಲೀಟರ್, ಎರಡು ಸೂಟ್‌ಕೇಸ್, ಒಂದು ಚೀಲ ಸಲೀಸು. ಸಾಮಾನು ತುಂಬಿದರೆ ಹಿಂಭಾಗ ಇಳಿದು ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಲೆವೆಲರ್ ಗುಂಡಿಯನ್ನು 0ಯಿಂದ 2ಕ್ಕೆ ತಿರುಗಿಸಿಕೊಳ್ಳಿ. ಇಳಿಜಾರು ಹಿಂಗಾಜಿನ ಮೇಲೆ ಹಾವೇರಿಯ ಮಳೆ ಕೆಸರು ಕೂತರೆ ಹಿಂದಿನ ವೈಪರ್ ಇಲ್ಲದೆ ಏನೂ ಕಾಣುವುದಿಲ್ಲ. ಸೀಟು ಸೊಂಟಕ್ಕೆ ಪರವಾಗಿಲ್ಲ, ಉದ್ದ ಕಾಲಿನವರಿಗೆ ತೊಡೆ ಕೆಳಗೆ ಆಧಾರ ಸಾಲದು.

ನಾಳೆ ಬೆಳಗಿನ ಕೆಲಸ: ಬಾಡಿಗೆಯವರಿಗೆ ರಿಮ್ಮಿನ ಫೋಟೊ ಕಳಿಸಿ, ಬ್ಯಾಲೆನ್ಸಿಂಗ್ ಮಾಡಿಸಲು ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯುವುದು. ಕೇಳದೆ ಮಾಡಿಸಿದರೆ ದುಡ್ಡು ವಾಪಸ್ ಬರುವುದಿಲ್ಲ. ನಾಲ್ಕೂ ಚಕ್ರ ಮಾಡಿಸಬೇಕು, ಹಳೇ ತೂಕ ಕಿತ್ತು ರಿಮ್ ಒರೆಸಿದ ಮೇಲೆಯೇ ಹೊಸದು ಅಂಟಿಸಬೇಕು, ಧೂಳಿನ ಮೇಲೆ ಅಂಟಿಸಿದರೆ ಮತ್ತೆ ಬೀಳುತ್ತದೆ. ಫಾಸ್ಟ್ಯಾಗ್ ಬ್ಯಾಲೆನ್ಸ್ ಎಷ್ಟಿದೆ ಅಂತಲೂ ಅವರನ್ನೇ ಕೇಳಬೇಕು, ಖಾಲಿಯಾದರೆ ಟೋಲ್‌ನಲ್ಲಿ ಹೆಚ್ಚು ಕಟ್ಟುವವರು ನಾವು. ಬಿಲ್ಲಿನ ಮೇಲೆ ಗಾಡಿ ನಂಬರ್, ಓಡಿದ ಕಿ.ಮೀ. ಎರಡನ್ನೂ ಬರೆಸಿಕೊಳ್ಳಬೇಕು.